ಉಸಿರನ್ನು ಮರಳಿಸುವ ಮದ್ದು

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳೆಯ ಊರುಗಳ ಇಂಗ್ಲಿಷ್ ಮೊದಲಕ್ಷರಗಳು ಕೂಡಿ ದಕ್ಷಿಣ ಬೆಂಗಳೂರಿನ ಬಿಟಿಎಂ ಲೇಔಟ್ ಆಯಿತು. ಇಂದು ಅಲ್ಲಿನ ಬಾಡಿಗೆ ಕೋಣೆಗಳಲ್ಲಿ ನಾನಾ ಊರುಗಳಿಂದ ಬಂದ ವಿದ್ಯಾರ್ಥಿಗಳೂ ಉದ್ಯೋಗಿಗಳೂ ತುಂಬಿದ್ದಾರೆ. ಅಂಥ ಒಂದು ಕೋಣೆಯನ್ನು ನಾವು ಊಹಿಸಿಕೊಳ್ಳೋಣ. ನಡುರಾತ್ರಿ. ಯುವಕನೊಬ್ಬನು ಮಲಗಿದ್ದಾನೆ, ಗಂಟಲಿನಿಂದ ಗೊರಗೊರ ಸದ್ದು ಬರುತ್ತಿದೆ. ಗೊರಕೆಯೆಂದು ಗೆಳೆಯರು ಸುಮ್ಮನಿದ್ದಾರೆ. ಆದರೆ ಅವನ ತುಟಿಗಳು ನೀಲಿಗಟ್ಟುತ್ತಿವೆ, ಕಣ್ಣಿನ ಪಾಪೆಗಳು ಸೂಜಿಯ ಮೊನೆಯಷ್ಟು ಕಿರಿದಾಗಿವೆ, ಅಲುಗಾಡಿಸಿದರೂ ಎಚ್ಚರವಿಲ್ಲ. ಇದು ನಿದ್ರೆಯಲ್ಲ. ಅಫೀಮಿನ ವರ್ಗದ ವಸ್ತುವೊಂದರ ಅತಿಸೇವನೆಯ ಲಕ್ಷಣ.

ಗಸಗಸೆ ಗಿಡದ ಕಾಯಿಯ ಹಾಲಿನಿಂದ ದೊರೆಯುವ ಅಫೀಮು, ಅದರಲ್ಲಿರುವ ಮಾರ್ಫೀನ್ ಮತ್ತು ಕೊಡೀನ್, ಮಾರ್ಫೀನಿನಿಂದ ತಯಾರಾಗುವ ಹೆರಾಯಿನ್, ಪ್ರಯೋಗಶಾಲೆಯಲ್ಲೇ ಹುಟ್ಟಿದ ಫೆಂಟನಿಲ್, ಇವೆಲ್ಲ ಒಂದೇ ವರ್ಗಕ್ಕೆ ಸೇರಿದವು. ಇವುಗಳಲ್ಲಿ ಕೆಲವು ವೈದ್ಯರ ಕೈಯಲ್ಲಿ ನೋವನ್ನು ನೀಗುವ ಅಮೂಲ್ಯ ಔಷಧಗಳೂ ಹೌದು. ಆದರೆ ಅಳತೆ ತಪ್ಪಿದರೆ ಮೃತ್ಯು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ಭಾರತದಲ್ಲಿ ಸುಮಾರು 2.26 ಕೋಟಿ ಜನರು ಈ ವರ್ಗದ ವಸ್ತುಗಳನ್ನು ಬಳಸುತ್ತಿದ್ದರೆಂದು ಅಂದಾಜು ಮಾಡಿತು.

ಸಾವು ಹೇಗೆ ಬರುತ್ತದೆ? ನಾವು ನಿದ್ರಿಸುವಾಗಲೂ ಉಸಿರಾಟ ನಿಲ್ಲದಂತೆ ಕಾಯುವ ಕೇಂದ್ರವೊಂದು ಮಿದುಳಿನ ಬುಡದಲ್ಲಿದೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದೊಡನೆ ಅದು ಚುರುಕಾಗಿ ಉಸಿರೆಳೆಯಲು ಆಜ್ಞೆ ಕೊಡುತ್ತದೆ. ಅಲ್ಲಿನ ಜೀವಕೋಶಗಳ ಮೇಲಿರುವ ಗ್ರಾಹಕಗಳಿಗೆ ಅಫೀಮಿನ ಅಣುಗಳು ಹೋಗಿ ಅಂಟಿಕೊಂಡಾಗ ಕಾವಲುಗಾರನೇ ಮಂಪರಿಗೆ ಬೀಳುತ್ತಾನೆ. ಉಸಿರು ನಿಂತ ನಾಲ್ಕಾರು ನಿಮಿಷಗಳಲ್ಲೇ ಮಿದುಳಿಗೆ ಹಾನಿ ತೊಡಗುತ್ತದೆ. ಸಿಲ್ಕ್ ಬೋರ್ಡ್ ವೃತ್ತದ ವಾಹನಸಂದಣಿಯನ್ನು ಕಂಡವರಿಗೆ ಈ ನಾಲ್ಕಾರು ನಿಮಿಷಗಳ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಈ ವಿಷಕ್ಕೆ ಪ್ರತಿಮದ್ದು ಉಂಟು. ಅದೇ ನಲಾಕ್ಸೋನ್. ಅಮೆರಿಕದ ಜಾಕ್ ಫಿಶ್‌ಮನ್ ಮತ್ತು ಮೋಜಸ್ ಲೆವೆನ್‌ಸ್ಟೀನ್ ಇದನ್ನು ರೂಪಿಸಿದರು; 1971ರಲ್ಲಿ ಅಲ್ಲಿನ ಸರ್ಕಾರದ ಒಪ್ಪಿಗೆ ದೊರೆಯಿತು. ಸೋಜಿಗವೆಂದರೆ, ಇದು ಮಾರ್ಫೀನಿನ ಬಳಗದ್ದೇ ಅಣು. ಆದರೆ ಅದರ ನೈಟ್ರೋಜನ್ ಪರಮಾಣುವಿಗೆ ಅಂಟಿದ ಚಿಕ್ಕದೊಂದು ಗುಂಪು ಬೇರೆ. ಮುಖ್ಯವಾಗಿ ಅದರಿಂದಲೇ ಅದರ ಗುಣ ತಲೆಕೆಳಗಾಗಿದೆ. ನೂಕುನುಗ್ಗಲಿನ ಬಸ್ಸಿನಲ್ಲಿ ಗಟ್ಟಿಗನೊಬ್ಬನು ಪುಂಡನನ್ನು ಎಬ್ಬಿಸಿ ಆ ಸೀಟಿನಲ್ಲಿ ತಾನು ಸುಮ್ಮನೆ ಕುಳಿತಂತೆ, ನಲಾಕ್ಸೋನ್ ಅಫೀಮಿನ ಅಣುವನ್ನು ಗ್ರಾಹಕದಿಂದ ಹೊರದೂಡಿ ತಾನು ಅಲ್ಲಿ ನೆಲಸುತ್ತದೆ. ಆದರೆ ಅಮಲನ್ನು ಉಂಟುಮಾಡುವುದಿಲ್ಲ. ಎರಡರಿಂದ ಐದು ನಿಮಿಷಗಳಲ್ಲಿ ಉಸಿರು ಮರಳುತ್ತದೆ. ಅಫೀಮನ್ನು ಸೇವಿಸದವರಿಗೆ ತಪ್ಪಿ ಕೊಟ್ಟರೂ ಅಪಾಯವಿಲ್ಲವೆನ್ನಬಹುದು. ಮದ್ಯದ ಅಥವಾ ನಿದ್ರೆಯ ಮಾತ್ರೆಗಳ ಮೇಲೆ ಮಾತ್ರ ಇದರ ಆಟ ನಡೆಯದು.

ಆದರೆ ಈ ಗಟ್ಟಿಗನು ಬೇಗ ಇಳಿದುಹೋಗುವ ಪ್ರಯಾಣಿಕ. ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದಲ್ಲಿನ ನಲಾಕ್ಸೋನ್ ಅರ್ಧಕ್ಕಿಳಿಯುತ್ತದೆ. ದೇಹದಲ್ಲಿ ಅಫೀಮು ಇನ್ನೂ ಉಳಿದಿದ್ದರೆ ರೋಗಿ ಮತ್ತೆ ಮಂಪರಿಗೆ ಜಾರಬಹುದು. ಹಾಗಾದರೆ ಇನ್ನೂ ಬಲವಾದ, ಇನ್ನೂ ದೀರ್ಘಕಾಲ ನಿಲ್ಲುವ ಮದ್ದು ಮೇಲಲ್ಲವೇ? ಈ ಎಣಿಕೆಯಿಂದಲೇ 4 ಮಿಲಿಗ್ರಾಮಿನ ಮೂಗಿನ ಸಿಂಪಡಿಕೆಯ ಜೊತೆಗೆ 8 ಮಿಲಿಗ್ರಾಮಿನದೂ ಬಂದಿತು. 2023ರಲ್ಲಿ ನಾಲ್ಮೆಫೀನ್ ಎಂಬ ಸೋದರ ಔಷಧದ ಸಿಂಪಡಿಕೆಗೂ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ನಾಲ್ಮೆಫೀನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಎಂಟು ಗಂಟೆಗೂ ಹೆಚ್ಚು ಬೇಕು.

ಅನುಭವ ಬೇರೆಯ ಮಾತನ್ನೇ ಹೇಳಿತು. ನ್ಯೂಯಾರ್ಕ್ ರಾಜ್ಯದ ಪೊಲೀಸರು 354 ಮಂದಿಗೆ ಈ ಎರಡು ಅಳತೆಗಳಲ್ಲಿ ಒಂದಿಲ್ಲೊಂದನ್ನು ಕೊಟ್ಟಿದ್ದರು. 2024ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಎರಡು ಗುಂಪುಗಳಲ್ಲಿಯೂ ನೂರಕ್ಕೆ 99 ಮಂದಿ ಬದುಕಿದರು. ಆದರೆ ವಾಂತಿಯೂ ಸೇರಿದಂತೆ ಮಾದಕವಸ್ತು ಥಟ್ಟನೆ ತಪ್ಪಿದಾಗಿನ ಸಂಕಟಗಳು 4 ಮಿಲಿಗ್ರಾಮಿನವರಲ್ಲಿ ನೂರಕ್ಕೆ ಸುಮಾರು 19 ಮಂದಿಗೆ ಕಂಡರೆ, 8 ಮಿಲಿಗ್ರಾಮಿನವರಲ್ಲಿ ಸುಮಾರು 38 ಮಂದಿಗೆ ಕಂಡವು. ನಾಲ್ಮೆಫೀನಿನಲ್ಲಿ ಅಂಥ ಸಂಕಟ ಗಂಟೆಗಟ್ಟಲೆ ಎಳೆಯಬಹುದು. ಆದುದರಿಂದ ಅಮೆರಿಕದ ವಿಷವೈದ್ಯರ ಸಂಘವು ಅದು ನಲಾಕ್ಸೋನಿನ ಸ್ಥಾನವನ್ನು ಆಕ್ರಮಿಸಬಾರದೆಂದಿದೆ. ಪ್ರತಿಮದ್ದಿನ ಗುರಿ ಉಸಿರನ್ನು ಮರಳಿಸುವುದು, ರೋಗಿಯನ್ನು ಬಡಿದೆಬ್ಬಿಸುವುದಲ್ಲ. ಬೇಕಾದರೆ ಎರಡು ಮೂರು ನಿಮಿಷಗಳ ಬಳಿಕ ಇನ್ನೊಮ್ಮೆ ಕೊಡಬಹುದು.

ಇನ್ನು ಕೊಡುವ ಬಗೆ. ನುಂಗಿದರೆ ಪಿತ್ತಜನಕಾಂಗವೇ ನಲಾಕ್ಸೋನನ್ನು ಬಹುಮಟ್ಟಿಗೆ ಕೆಡಿಸಿಬಿಡುತ್ತದೆ. ವೈದ್ಯರಿಗೆ ಗಾಜಿನ ಆಂಪೂಲಿನ ಚುಚ್ಚುಮದ್ದು ಅನುಕೂಲ. ಅಗ್ಗದ್ದು, ಸ್ವಲ್ಪಸ್ವಲ್ಪವಾಗಿ ಕೊಡಬಹುದು. ಕೈ ನಡುಗುವ ಗೆಳೆಯನಿಗೆ ಮೂಗಿನ ಸಿಂಪಡಿಕೆಯೇ ಸುಲಭ. ಅತಿಸೇವನೆಯನ್ನು ಕಣ್ಣಾರೆ ಕಾಣುವ ಸಂಭವವುಳ್ಳವರೆಲ್ಲರ ಕೈಗೂ ಈ ಮದ್ದು ದೊರೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2014ರಲ್ಲಿಯೇ ಸಲಹೆ ಮಾಡಿತು.

ಮದ್ದು ಕೈಯಲ್ಲಿಲ್ಲದಿದ್ದರೆ ಕೈಕಟ್ಟಿ ಕುಳಿತುಕೊಳ್ಳಬೇಕೆ? ಬೇಡ. ಒಡನೆ 108ಕ್ಕೆ ಕರೆ ಮಾಡಬೇಕು. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಊದಬೇಕು. ಉಸಿರಿದ್ದರೆ ಮಗ್ಗುಲಾಗಿ ಮಲಗಿಸಬೇಕು. ಮದ್ದು ಕೊಟ್ಟು ಎಚ್ಚರವಾದರೂ ಆಸ್ಪತ್ರೆಗೆ ಸೇರಿಸುವವರೆಗೆ ಬಿಟ್ಟುಹೋಗಬಾರದು. ಚಟದಿಂದ ಬಿಡುಗಡೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್ ಸಂಸ್ಥೆಯಲ್ಲಿ ಚಿಕಿತ್ಸೆಯುಂಟು. 14416 ಎಂಬ ಟೆಲಿಮಾನಸ್ ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಕೇಳಬಹುದು.

ನಾವು ಊಹಿಸಿಕೊಂಡ ಆ ಕೋಣೆಗೆ ಮತ್ತೊಮ್ಮೆ ಹೋಗೋಣ. ಗೊರಕೆಯೆಂದು ಸುಮ್ಮನಿದ್ದ ಗೆಳೆಯರಲ್ಲಿ ಒಬ್ಬನಾದರೂ ಈ ವಿಷಯವನ್ನು ಬಲ್ಲವನಾಗಿದ್ದರೆ, ಆ ಯುವಕನು ಬೆಳಗನ್ನು ಕಂಡಾನು.