ಒರಗುಕುರ್ಚಿಯ ಒಡೆತನ

ವಿಹಾರಕ್ಕೆಂದೇ ಕಟ್ಟಿದ ಮಹಾನೌಕೆಯೊಂದು ಕೆರಿಬಿಯನ್ ಸಮುದ್ರದಲ್ಲಿಯೋ ಮೆಡಿಟರೇನಿಯನ್ ಸಮುದ್ರದಲ್ಲಿಯೋ ಯಾವ ಬಂದರನ್ನೂ ಮುಟ್ಟದೆ ದಿನವಿಡೀ ನಡುನೀರಿನಲ್ಲಿ ಸಾಗುವ ದಿವಸ, ಬೆಳಕು ಹರಿಯುವುದಕ್ಕೆ ಸ್ವಲ್ಪ ಮುಂಚೆ ಅದರ ಮೇಲಣ ಡೆಕ್ಕಿಗೆ ಏರಿ ಹೋದವರಿಗೆ ಒಂದು ವಿಚಿತ್ರವಾದ ನೋಟ ಕಾಣಸಿಗುತ್ತದೆ. ಈಜುಕೊಳದ ಸುತ್ತ ಸಾಲುಸಾಲಾಗಿ ಹಾಕಿದ ಒರಗುಕುರ್ಚಿಗಳಲ್ಲಿ ಒಬ್ಬ ಮನುಷ್ಯನೂ ಇರುವುದಿಲ್ಲ. ಖಾಲಿ ಎನ್ನಬಹುದಾದ ಕುರ್ಚಿಯೂ ಸಿಗುವುದಿಲ್ಲ. ಒಂದರ ಮೇಲೆ ಪಟ್ಟೆಪಟ್ಟೆಯ ಟವೆಲು, ಅದು ಗಾಳಿಗೆ ಹಾರದಂತೆ ಗಿಣಿಯ ಆಕಾರದ ಪ್ಲಾಸ್ಟಿಕ್ ಕ್ಲಿಪ್ಪು. ಇನ್ನೊಂದರ ಮೇಲೆ ಬೋರಲಾಗಿ ಮಲಗಿಸಿದ ಕಾದಂಬರಿ. ಮತ್ತೊಂದರ ಮೇಲೆ ಜೊತೆಯನ್ನಗಲಿದ ಒಂಟಿ ಚಪ್ಪಲಿ. ಇವುಗಳ ಒಡೆಯರು ಕೆಳಗೆ ತಮ್ಮ ತಮ್ಮ ಕೋಣೆಗಳಲ್ಲಿ ಎರಡನೆಯ ನಿದ್ರೆಯಲ್ಲಿದ್ದಾರೆ. ಅವರು ಎದ್ದು, ಮಿಂದು, ಉಪಾಹಾರ ಮುಗಿಸಿ ಇಲ್ಲಿಗೆ ಬರುವಾಗ ಹತ್ತು ಗಂಟೆಯಾಗಬಹುದು, ಹನ್ನೊಂದೂ ಆಗಬಹುದು. ಆ ಟವೆಲಾದರೂ ಅವರದೇ? ಹಲವು ಹಡಗುಗಳಲ್ಲಿ ಅದು ಕೋಣೆಯ ಕಾರ್ಡಿನ ಮೇಲೆ ಎರವಲಾಗಿ ಕೊಟ್ಟದ್ದು. ಪ್ರಯಾಣದ ಕೊನೆಗೆ ಹಿಂದಿರುಗಿಸದಿದ್ದರೆ ಅದರ ಬೆಲೆ ಪ್ರಯಾಣಿಕನ ಲೆಕ್ಕಕ್ಕೆ ಬೀಳತಕ್ಕದ್ದು. ಎರವಲು ಬಟ್ಟೆಯನ್ನು ಹಾಸಿ ಎಲ್ಲರ ಆಸನವನ್ನು ಸ್ವಂತದ್ದನ್ನಾಗಿ ಮಾಡಿಕೊಳ್ಳುವ ಈ ವಿದ್ಯೆಯಲ್ಲಿ ಪಳಗಿದವರು ಪ್ರತಿಯೊಂದು ಹಡಗಿನಲ್ಲಿಯೂ ಉಂಟು. ಹೊಟ್ಟೆಬಾಕರಿರುವಂತೆ ಇವರು ಕುರ್ಚಿಬಾಕರು.

ಇದೇನು ಮಹಾ ಸಮಸ್ಯೆಯೆಂದು ದಡದ ಮೇಲಿರುವ ನಮಗೆ ತೋರುವುದು ಸಹಜ. ಆದರೆ ಇಂದಿನ ವಿಹಾರನೌಕೆಯ ಗಾತ್ರವನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. 2024ರಲ್ಲಿ ಯಾನವನ್ನಾರಂಭಿಸಿದ ‘ಐಕಾನ್ ಆಫ್ ದಿ ಸೀಸ್’ ಎಂಬ ಹಡಗಿನಲ್ಲಿ ಇಪ್ಪತ್ತು ಅಂತಸ್ತುಗಳಿವೆ. ಕೋಣೆಗಿಬ್ಬರಂತೆ ಎಣಿಸಿದರೆ 5,610 ಪ್ರಯಾಣಿಕರಿಗೂ, ಮಂಚಗಳೆಲ್ಲ ತುಂಬಿದರೆ ಸುಮಾರು 7,600 ಮಂದಿಗೂ ಅಲ್ಲಿ ಎಡೆಯುಂಟು. ಹಡಗು ಬಂದರಿನಲ್ಲಿ ನಿಂತ ದಿನ ಜನರೆಲ್ಲ ಊರು ನೋಡಲು ಇಳಿದು ಹೋಗುವುದರಿಂದ ಡೆಕ್ಕು ಬಣಗುಟ್ಟುತ್ತದೆ. ನಡುಗಡಲಿನ ದಿನ ಎಲ್ಲರೂ ಒಂದೇ ಹೊತ್ತಿಗೆ ಅಲ್ಲಿಗೇ ಬರುತ್ತಾರೆ. ಅಂದೂ ನಿಜವಾಗಿ ಕೊರತೆ ಬೀಳುವುದು ಕುರ್ಚಿಗಳಿಗಲ್ಲ. ಮೂಲೆಮುಡುಕುಗಳಲ್ಲಿ, ಹೊಗೆಕೊಳವೆಯ ಹಿಂಬದಿಯಲ್ಲಿ, ಗಾಳಿ ಬಡಿಯುವ ಎತ್ತರದ ಅಟ್ಟಣೆಗಳಲ್ಲಿ ಬೇಕಾದಷ್ಟು ಕುರ್ಚಿಗಳು ಬಿದ್ದಿರುತ್ತವೆ. ಕೊಳಕ್ಕೆ ಹತ್ತಿರವಾಗಿಯೂ ಅರೆನೆರಳಿನಲ್ಲಿಯೂ ಇರುವ, ಮಕ್ಕಳು ಕಣ್ಣಿಗೆ ಬೀಳುವಂತಹ, ಪಾನೀಯದ ಕಟ್ಟೆಗೆ ನಾಲ್ಕು ಹೆಜ್ಜೆಯಷ್ಟೇ ದೂರದಲ್ಲಿರುವ ಕುರ್ಚಿಗಳು ಮಾತ್ರ ಕೆಲವೇ, ಹೋರಾಟವೆಲ್ಲ ಅವುಗಳಿಗಾಗಿ.

ಹಿಂದೆ ಈ ತೊಡಕು ಇರಲಿಲ್ಲ. ಅಟ್ಲಾಂಟಿಕ್ ಸಾಗರವನ್ನು ದಾಟುವುದಕ್ಕೆ ಹಡಗಲ್ಲದೆ ಬೇರೆ ಗತಿಯಿಲ್ಲದಿದ್ದ ಕಾಲದಲ್ಲಿ ಡೆಕ್ಕಿನ ಕುರ್ಚಿಯು ಬಾಡಿಗೆಯ ವಸ್ತುವಾಗಿದ್ದಿತು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗನ್ನು ನಡೆಸುತ್ತಿದ್ದ ವೈಟ್ ಸ್ಟಾರ್ ಕಂಪೆನಿಯವರು ಇಡೀ ಪ್ರಯಾಣಕ್ಕೆ ಒಂದು ಕುರ್ಚಿಗೆ ನಾಲ್ಕು ಶಿಲಿಂಗು, ಅಥವಾ ಒಂದು ಡಾಲರು ವಸೂಲುಮಾಡುತ್ತಿದ್ದರು. ಹೊದೆಯುವ ಉಣ್ಣೆಯ ಕಂಬಳಿಗೆ ಬಾಡಿಗೆ ಬೇರೆ. ಹಣ ಕಟ್ಟಿದವರ ಹೆಸರನ್ನು ಚೀಟಿಯಲ್ಲಿ ಬರೆದು ಕುರ್ಚಿಗೆ ಸಿಕ್ಕಿಸುವುದೂ, ಗಾಳಿಯ ದಿಕ್ಕು ನೋಡಿ ಅದಕ್ಕೆ ಸ್ಥಳ ಗೊತ್ತುಮಾಡುವುದೂ, ನಡುಬೆಳಗಿನಲ್ಲಿ ಬಟ್ಟಲು ತುಂಬ ಬಿಸಿಸಾರನ್ನು ತಂದುಕೊಡುವುದೂ ಡೆಕ್ ಸ್ಟೂವರ್ಡನೆಂಬ ಪರಿಚಾರಕನ ಕರ್ತವ್ಯ. ಒಡೆಯನು ಊಟಕ್ಕೆ ಹೋಗಿ ಎರಡು ಗಂಟೆಯ ಮೇಲೆ ಬಂದರೂ ಕುರ್ಚಿ ಅವನದೇ. ಅದಕ್ಕೆ ಸಾಕ್ಷಿ ಚೀಟಿ, ಚೀಟಿಯ ಬೆನ್ನಿಗೆ ಕಂಪೆನಿ. ಟೈಟಾನಿಕ್ಕಿನ ಅಂತಹ ಕುರ್ಚಿಯೊಂದು, ಬೆತ್ತದ ಹೆಣಿಗೆಯದು, ಶವಗಳನ್ನು ಹುಡುಕಲು ಹೋದ ಹಡಗಿಗೆ ನೀರಿನ ಮೇಲೆ ತೇಲುತ್ತ ಸಿಕ್ಕಿ, ಇಂದು ಕೆನಡಾದ ಹ್ಯಾಲಿಫ್ಯಾಕ್ಸ್ ನಗರದ ನೌಕಾ ವಸ್ತುಸಂಗ್ರಹಾಲಯದಲ್ಲಿದೆ.

1958ರಲ್ಲಿ ಜೆಟ್ ವಿಮಾನಗಳು ಪ್ರಯಾಣಿಕರನ್ನು ಹೊತ್ತು ಅಟ್ಲಾಂಟಿಕ್ಕನ್ನು ದಾಟತೊಡಗಿದ ಮೇಲೆ ಊರಿಂದೂರಿಗೆ ಒಯ್ಯುವ ಹಡಗಿನ ಕಾಲ ಮುಗಿಯುತ್ತ ಬಂದು, ಸುಮ್ಮನೆ ಸುತ್ತಾಡಿಸುವ ಹಡಗಿನ ಕಾಲ ಮೊದಲಾಯಿತು. ಕಂಬಳಿ ಹೊದ್ದು ಚಳಿಗೆ ಮುದುರಿ ಕುಳಿತುಕೊಳ್ಳುವ ಕುರ್ಚಿಯ ಜಾಗಕ್ಕೆ ಬಿಸಿಲಿಗೆ ಮೈಯೊಡ್ಡಿ ಮಲಗುವ ಕುರ್ಚಿ ಬಂದಿತು. ಊಟ, ನೃತ್ಯ, ನಾಟಕಗಳ ಜೊತೆಗೆ ಕುರ್ಚಿಯೂ ಟಿಕೆಟ್ಟಿನ ಬೆಲೆಯಲ್ಲಿಯೇ ಅಡಕವಾಯಿತು. ಎಲ್ಲರಿಗೂ ಸೇರಿದ್ದಾದುದರಿಂದ ಅದು ಯಾರಿಗೂ ಸೇರದ್ದಾಯಿತು. ಚೀಟಿ ತೆಗೆದುಹಾಕಿದ ಸ್ಥಾನವನ್ನು ಟವೆಲು ಆಕ್ರಮಿಸಿತು.

ಈ ಆಕ್ರಮಣವನ್ನು ಕೂಲಂಕಷವಾಗಿ ವಿಚಾರಮಾಡಿದವನು ಹೈನ್‌ರಿಕ್ ಪೊಪಿಟ್ಜ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞ. ಫ್ರೈಬುರ್ಗ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಈತನು ಅಧಿಕಾರವು ಹೇಗೆ ಹುಟ್ಟುತ್ತದೆಂಬ ಪ್ರಶ್ನೆಯನ್ನು ಕುರಿತು 1968ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ರಾಜರನ್ನೂ ಸೇನಾಪತಿಗಳನ್ನೂ ಬಿಟ್ಟು ಹಡಗಿನ ಡೆಕ್ಕಿನ ಕುರ್ಚಿಯನ್ನು ದೃಷ್ಟಾಂತವಾಗಿ ಎತ್ತಿಕೊಂಡನು. ಬಂದರಿನಿಂದ ಬಂದರಿಗೆ ಸುತ್ತುವ ಒಂದು ಹಡಗು; ಪ್ರಯಾಣಿಕರು ಮೂವರಿದ್ದರೆ ಕುರ್ಚಿ ಒಂದು. ಮೊದಲ ಕೆಲವು ದಿನ ಯಾವ ಗಲಾಟೆಯೂ ಇಲ್ಲ. ಕುಳಿತವನು ಎದ್ದನೆಂದರೆ ಕುರ್ಚಿ ಬಿಡುವಾಯಿತು, ಬೇಕಾದವನು ಕುಳಿತನು. ಗುರುತಿಗೆ ಏನನ್ನಾದರೂ ಇಟ್ಟು ಹೋದರೆ ಅದನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಎಲ್ಲರೂ ಎಲ್ಲ ಹೊತ್ತಿನಲ್ಲಿಯೂ ಕುಳಿತಿರುವುದಿಲ್ಲವಾಗಿ ಆ ಮೂರನೆಯ ಒಂದು ಪಾಲೇ ಸಾಕಾಗುತ್ತಿದ್ದಿತು. ಒಂದು ಬಂದರಿನಲ್ಲಿ ಕೆಲವರು ಇಳಿದು ಹೊಸಬರು ಹತ್ತಿದರು. ಅಲ್ಲಿಗೆ ಆ ಹದ ಕೆಟ್ಟಿತು. ಹೊಸಬರು ಕುರ್ಚಿಗಳನ್ನು ಹಿಡಿದು, ತಾವು ಎದ್ದು ಹೋದಾಗಲೂ ಅವು ತಮ್ಮವೇ ಎಂದು ಸಾಧಿಸತೊಡಗಿದರು.

ಪೊಪಿಟ್ಜನ ಸೂಕ್ಷ್ಮದೃಷ್ಟಿ ಇರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಎದ್ದು ಹೋದವನು ತನ್ನ ಖಾಲಿ ಕುರ್ಚಿಯನ್ನು ತಾನೇ ಕಾಯಲಾರನು. ಪಕ್ಕದ ಕುರ್ಚಿಯವನು ಕಾಯಬೇಕು. ಅವನೇಕೆ ಕಾಯಬೇಕು? ನಾಳೆ ತಾನು ಸ್ನಾನಕ್ಕೆ ಹೋದಾಗ ಈತನು ತನ್ನ ಕುರ್ಚಿಯನ್ನು ಕಾಯುತ್ತಾನೆಂಬ ಕಾರಣಕ್ಕೆ. ಯಾರೂ ಸಭೆ ಸೇರದೆ, ಒಪ್ಪಂದ ಬರೆಯದೆ, ಕುರ್ಚಿಯುಳ್ಳವರೆಲ್ಲ ಒಂದು ಪಂಗಡವಾಗಿಬಿಡುತ್ತಾರೆ. ಹತ್ತಿರ ಸುಳಿದವನನ್ನು ಹುಬ್ಬು ಗಂಟಿಕ್ಕಿಯೋ ಕೈಸನ್ನೆಯಿಂದಲೋ ಗದರಿಯೋ ಅಟ್ಟುತ್ತಾರೆ. ಕುರ್ಚಿಯಿಲ್ಲದವರ ಸಂಖ್ಯೆ ಇವರಿಗಿಂತ ಇಮ್ಮಡಿಯಾದರೂ ಅವರನ್ನು ಒಂದುಗೂಡಿಸುವುದು ತಮಗೆ ಕುರ್ಚಿಯಿಲ್ಲವೆಂಬ ಒಂದೇ ಸಂಗತಿ. ಅದರ ಬಲದಿಂದ ಕೂಟ ಕಟ್ಟುವುದು ಬಹಳ ಕಷ್ಟ. ಅವರಲ್ಲಿ ಒಬ್ಬನು ಧೈರ್ಯಮಾಡಿ ಒಂದು ಕುರ್ಚಿಯನ್ನು ಕಸಿದುಕೊಂಡನೆಂದೇ ಇಟ್ಟುಕೊಳ್ಳೋಣ; ಆ ಕ್ಷಣದಿಂದ ಅವನೂ ಉಳ್ಳವನೇ, ಅವನ ಹಿತವೂ ಬದಲಾಯಿತು. ಕೊನೆಗೆ ಉಳ್ಳವರು ಇಲ್ಲದವರಲ್ಲಿ ಕೆಲವರನ್ನು ಕರೆದು, ನಮ್ಮ ಕುರ್ಚಿಗಳನ್ನು ನೋಡಿಕೊಂಡಿದ್ದರೆ ಆಗಾಗ ನಿಮಗೂ ಕೂರಲು ಕೊಡುತ್ತೇವೆಂದು ಹೇಳಿ ಕಾವಲಿಗೆ ನಿಲ್ಲಿಸುತ್ತಾರೆ. ಅಲ್ಲಿಗೆ ಒಡೆಯರು, ಕಾವಲಿನವರು, ಬರಿಗೈಯವರು ಎಂದು ಮೂರು ವರ್ಗಗಳಾದವು. ಒಂದು ಸಣ್ಣ ರಾಜ್ಯಕ್ಕೆ ಬೇಕಾದುದೆಲ್ಲ ಅಲ್ಲಿ ಸಿದ್ಧವಾಗಿದೆ. ತೆರಿಗೆಯೊಂದು ಮಾತ್ರ ಬಾಕಿ.

ಹಾಗಾದರೆ ನ್ಯಾಯವಾದ ಒಡೆತನ ಯಾವುದು? ಸ್ಟೋಯಿಕ ಪಂಥದ ಮತವನ್ನು ನಿರೂಪಿಸುತ್ತ ರೋಮಿನ ಸಿಸೆರೊ ಎರಡು ಸಾವಿರ ವರ್ಷಗಳ ಹಿಂದೆಯೇ ಇದಕ್ಕೆ ಹತ್ತಿರದ ಒಂದು ಉಪಮಾನವನ್ನು ಕೊಟ್ಟಿದ್ದಾನೆ: ನಾಟಕಶಾಲೆ ಸಾರ್ವಜನಿಕರದಾದರೂ ಅಲ್ಲಿ ಒಬ್ಬನು ಹಿಡಿದು ಕುಳಿತ ಸ್ಥಳವು ಅವನದೆಂದು ಹೇಳುವುದು ಯುಕ್ತವೇ ಆಗಿದೆ ಎಂದು. ಆದರೆ ಅವನು ಹೇಳಿದ್ದು ಕುಳಿತವನ ವಿಷಯ, ಟವೆಲಿನ ವಿಷಯವಲ್ಲ. ಟವೆಲಿನ ವಿಷಯದಲ್ಲಿ ನಮ್ಮವರ ಅನುಭವವೇ ಹೆಚ್ಚು. ಬಸ್ ನಿಲ್ದಾಣಕ್ಕೆ ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಗಿಂದ ಕರವಸ್ತ್ರವನ್ನೋ ಟವೆಲನ್ನೋ ಸೀಟಿನ ಮೇಲೆಸೆದು, ಆಮೇಲೆ ಬಾಗಿಲಿನ ನೂಕುನುಗ್ಗಲಿನಲ್ಲಿ ಹತ್ತಿ ಬಂದು, “ಟವೆಲ್ ಹಾಕಿದ್ದೆ ಕಣ್ರೀ” ಎಂದರೆ ಕುಳಿತಿದ್ದವನು ಗೊಣಗುತ್ತಲಾದರೂ ಏಳುವುದುಂಟು. ಏಕೆ ಏಳುತ್ತಾನೆ? ಟವೆಲೆಸೆದವನು ಎರಡು ನಿಮಿಷದಲ್ಲಿ ಖಂಡಿತವಾಗಿ ಬರುತ್ತಾನೆಂದು ಗೊತ್ತಿರುವುದರಿಂದ, ತಾನೂ ಮುಂದಿನ ಸಲ ಹಾಗೆಯೇ ಎಸೆಯುವವನಾದುದರಿಂದ. ಟವೆಲು ಹಾಕಿ ಮನೆಗೆ ಹೋಗಿ ಊಟಮಾಡಿ ಬರುವವನಿಗೆ ಯಾವ ಬಸ್ಸಿನಲ್ಲಿಯೂ ಯಾರೂ ಎದ್ದು ಸ್ಥಳ ಕೊಟ್ಟದ್ದಿಲ್ಲ. ನನ್ನ ಮಟ್ಟಿಗೆ ಹಡಗಿನ ಕುರ್ಚಿಯ ಧರ್ಮಸೂತ್ರವೂ ಇಷ್ಟೇ: ವಸ್ತುವು ಮನುಷ್ಯನ ಪರವಾಗಿ ಸ್ವಲ್ಪ ಹೊತ್ತು ಮಾತನಾಡಬಹುದು, ಅವನ ಬದಲಿಗೆ ಬಾಳಲಾಗದು.

ಆ ಸ್ವಲ್ಪ ಹೊತ್ತು ಎಷ್ಟು ಎಂಬುದನ್ನು ಈಗ ಕಂಪೆನಿಗಳು ಗಡಿಯಾರವಿಟ್ಟು ನಿರ್ಣಯಿಸಿವೆ. ಕಾರ್ನಿವಲ್ ಕಂಪೆನಿಯವರು 2013ರಲ್ಲಿ ತಂದ ಕಟ್ಟಳೆಯ ಪ್ರಕಾರ, ಜನರಿಲ್ಲದೆ ಬರಿಯ ಸಾಮಾನಿರುವ ಕುರ್ಚಿಗೆ ಪರಿಚಾರಕರು ಹೊತ್ತನ್ನು ಬರೆದ ಅಂಟುಚೀಟಿಯೊಂದನ್ನು ಹಚ್ಚುತ್ತಾರೆ. 40 ನಿಮಿಷದೊಳಗೆ ಯಾರೂ ಬಾರದಿದ್ದರೆ ಸಾಮಾನನ್ನು ತೆಗೆದು ಜೋಪಾನವಾಗಿ ಬೇರೆಡೆ ಇರಿಸಿ ಕುರ್ಚಿಯನ್ನು ಬಿಡುಗಡೆಮಾಡುತ್ತಾರೆ. ರಾಯಲ್ ಕೆರಿಬಿಯನ್ನಿನವರ ಅವಧಿ 30 ನಿಮಿಷ. ಕಾಗದದ ಮೇಲೆ ನಿಯಮ ಚೊಕ್ಕಟವಾಗಿದೆ. ಆದರೆ ಅದನ್ನು ನಡೆಸಬೇಕಾದವನ ಪಾಡನ್ನು ಯೋಚಿಸಬೇಕು. ಫಿಲಿಪ್ಪೀನ್ಸಿನಿಂದಲೋ ಇಂಡೋನೇಷ್ಯದಿಂದಲೋ ನಮ್ಮ ದೇಶದಿಂದಲೋ ಬಂದ ಆ ತರುಣನಿಗೆ ಪ್ರಯಾಣಿಕರ ಸಂತೋಷವೇ ಬಂಡವಾಳ. ಟಿಪ್ಸ್ ಎಂಬ ಭಕ್ಷೀಸಿಗೂ, ಮುಂದಿನ ಕರಾರಿಗೂ ಅದೇ ಆಧಾರ. ನೂರಾರು ಡಾಲರು ತೆತ್ತು ಬಂದ ಅತಿಥಿಯ ಟವೆಲನ್ನು ಮಡಚಿಟ್ಟದ್ದಕ್ಕಾಗಿ ಅವರಿಂದ ನಾಲ್ಕು ಜನರ ಮುಂದೆ ಬೈಸಿಕೊಳ್ಳುವುದಕ್ಕಿಂತ, ಅಂಟುಚೀಟಿ ಹಚ್ಚಲು ಮರೆತವನಂತೆ ಮುಂದಕ್ಕೆ ಹೋಗುವುದು ಅವನಿಗೆ ಕ್ಷೇಮ. ಅದಕ್ಕೇ ಒಂದೇ ಕಂಪೆನಿಯ ಒಂದು ಹಡಗಿನಲ್ಲಿ ಕಟ್ಟುನಿಟ್ಟು, ಇನ್ನೊಂದರಲ್ಲಿ ಕಂಡೂ ಕಾಣದ ಹಾಗೆ.

ಹೀಗೆ ನಿಯಮವು ಅಳ್ಳಕವಾಗಿರುವ ಕಡೆ ಮರ್ಯಾದೆಯೇ ಕೆಲಸ ಮಾಡಬೇಕು. ಬಲ್ಲ ಪ್ರಯಾಣಿಕರಲ್ಲಿ ಒಂದು ತೆರನ ಒಡಂಬಡಿಕೆ ಕಾಣಬರುತ್ತದೆ. ಕೊಳದಲ್ಲಿ ಒಂದು ಮುಳುಗು ಹಾಕಿ ಬರುವುದಕ್ಕೆ, ಶೌಚಕ್ಕೆ, ತಟ್ಟೆಯಲ್ಲಿ ತಿಂಡಿ ತರುವುದಕ್ಕೆ ಹೋದವರ ಕುರ್ಚಿಯನ್ನು ಮುಟ್ಟತಕ್ಕದ್ದಲ್ಲ. ಹಿಂದಿನಿಂದ ಬರುತ್ತಿರುವ ಗಂಡನಿಗೋ ಹೆಂಡತಿಗೋ ಒಂದು ಕುರ್ಚಿ ಹಿಡಿದಿಟ್ಟರೆ ಯಾರೂ ಆಕ್ಷೇಪಿಸರು. ಇನ್ನೂ ಏಳದ ಎಂಟು ಮಂದಿ ಬಂಧುಗಳಿಗೆ ಒಂದಿಡೀ ಸಾಲನ್ನು ಹಿಡಿದರೆ ಕಣ್ಣುಗಳೆಲ್ಲ ಕೆಂಪಗಾಗುತ್ತವೆ. ಮೂರು ಸುತ್ತಿನ ಊಟಕ್ಕೆ ಹೋಗುವವರು ಟವೆಲನ್ನು ಎತ್ತಿಕೊಂಡೇ ಹೋಗಬೇಕು. ಇನ್ನೊಬ್ಬರ ಸಾಮಾನನ್ನು ನಾವೇ ತೆಗೆದು ಕೆಳಗಿಡುವುದು ಎಷ್ಟೇ ನ್ಯಾಯವೆಂದು ತೋರಿದರೂ ಸಲ್ಲದು. ಕಳುವಿನ ಅಪವಾದ ಬಂದರೆ ಉತ್ತರ ಹೇಳುವುದು ಕಷ್ಟ, ಪರಿಚಾರಕನನ್ನು ಕರೆದು ತೋರಿಸುವುದೇ ಸರಿ. ಬೇಕಾದ ಕಡೆಗೆ ಕುರ್ಚಿಯನ್ನು ದರದರನೆ ಎಳೆದುಕೊಂಡು ಹೋಗಿ ನಡೆಯುವ ದಾರಿಗೆ ಅಡ್ಡ ಹಾಕುವವರೂ ಉಂಟು. ಹಡಗಿನಲ್ಲಿ ಅದು ಅವಿನಯ ಮಾತ್ರವಲ್ಲ, ಅಪಾಯ.

ಯೂರೋಪಿನಲ್ಲಿ ಈ ಜಗಳಕ್ಕೆ ರಾಷ್ಟ್ರೀಯ ಬಣ್ಣವೂ ಬಂದಿದೆ. ನಸುಕಿನಲ್ಲಿಯೇ ಎದ್ದು ಟವೆಲು ಹಾಸುವವರು ಜರ್ಮನರೆಂದು ಇಂಗ್ಲಿಷರು ಬಹುಕಾಲದಿಂದ ಗೇಲಿಮಾಡುತ್ತ ಬಂದಿದ್ದಾರೆ. ಕಾರ್ಲಿಂಗ್ ಬ್ಲ್ಯಾಕ್ ಲೇಬಲ್ ಎಂಬ ಬೀರಿನ ಹಳೆಯ ಜಾಹೀರಾತೊಂದರಲ್ಲಿ ಇಂಗ್ಲಿಷನೊಬ್ಬನು ಎಸೆದ ಟವೆಲು ಕೊಳದ ನೀರಿನ ಮೇಲೆ ಕುಪ್ಪಳಿಸುತ್ತ ಹೋಗಿ ಆಚೆಯ ಕುರ್ಚಿಯ ಮೇಲೆ ಹರಡಿಕೊಳ್ಳುತ್ತದೆ. 1943ರಲ್ಲಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆದ ಪುಟಿಯುವ ಬಾಂಬಿನ ಅಣಕ ಅದು. ಜರ್ಮನರಾದರೋ ವಿಷಯವನ್ನು ನ್ಯಾಯಾಲಯಕ್ಕೇ ಒಯ್ದರು. ಗ್ರೀಸಿನ ರೋಡ್ಸ್ ದ್ವೀಪದ ಹೋಟೆಲೊಂದರಲ್ಲಿ ಟವೆಲಿನ ಕಾಟದಿಂದ ಕುಟುಂಬಕ್ಕೆ ಕುರ್ಚಿ ಸಿಗಲಿಲ್ಲವೆಂದು ಒಬ್ಬನು ಹೂಡಿದ ದಾವೆಯಲ್ಲಿ ಹ್ಯಾನೋವರಿನ ನ್ಯಾಯಾಲಯವು 2023ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟು, ಪ್ರವಾಸದ ಬೆಲೆಯಲ್ಲಿ ಮುನ್ನೂರಕ್ಕೂ ಹೆಚ್ಚು ಯೂರೋಗಳನ್ನು ಹಿಂದಕ್ಕೆ ಕೊಡಿಸಿತು. ವ್ಯಾಪಾರಿಗಳ ಪರಿಹಾರ ಬೇರೆಯದೇ. 2018ರಲ್ಲಿ ಥಾಮಸ್ ಕುಕ್ ಪ್ರವಾಸಸಂಸ್ಥೆಯವರು ಹೋಟೆಲಿನ ಕುರ್ಚಿಯನ್ನು ರಜೆಯುದ್ದಕ್ಕೂ ಕಾಯ್ದಿರಿಸಿ ಕೊಡುವುದಕ್ಕೆ 22 ಪೌಂಡು ಬೆಲೆ ಕಟ್ಟಿದರು. ಮರುವರ್ಷ ಆ ಸಂಸ್ಥೆಯೇ ಮುಳುಗಿತು, ಕಾರಣ ಕುರ್ಚಿಯಲ್ಲ. ಹಡಗುಗಳಲ್ಲಿ ಪ್ರಿನ್ಸೆಸ್ ಕಂಪೆನಿಯವರು 2006ರಲ್ಲಿ ‘ಕ್ರೌನ್ ಪ್ರಿನ್ಸೆಸ್’ ನೌಕೆಯಲ್ಲಿ ಬೇರೆ ಶುಲ್ಕ ಕೊಟ್ಟವರಿಗಾಗಿ ‘ಸ್ಯಾಂಕ್ಚುಯರಿ’ ಎಂಬ ಪ್ರಶಾಂತವಾದ ಡೆಕ್ಕನ್ನು ತೆರೆದರು. ನಾಲ್ಕು ಶಿಲಿಂಗಿನ ಚೀಟಿ ಮೆಲ್ಲಗೆ ಹಿಂದಿರುಗಿ ಬರುತ್ತಿದೆ. ನನಗೆ ಇದು ಸಂತೋಷದ ಸಂಗತಿಯಲ್ಲ. ಒಳ್ಳೆಯ ಕುರ್ಚಿಗಳೆಲ್ಲ ಹಗ್ಗದಾಚೆಗೆ ಸರಿದಷ್ಟೂ ಈಚೆಗೆ ಉಳಿದವುಗಳಿಗೆ ನೂಕಾಟ ಹೆಚ್ಚುವುದಷ್ಟೆ.

ನಮ್ಮ ಪಡುಗಡಲಿನಲ್ಲಿಯೂ ಈಗ ಇಂತಹ ಹಡಗು ಓಡಾಡುತ್ತಿದೆ. 1990ರಲ್ಲಿ ಕಟ್ಟಿದ, ಹಿಂದೆ ಬೇರೆ ಹೆಸರಿನಿಂದ ಅಮೆರಿಕದ ಕಡೆಯಲ್ಲಿದ್ದ ನೌಕೆಯೊಂದನ್ನು 2021ರಿಂದ ಕಾರ್ಡೇಲಿಯಾ ಕಂಪೆನಿಯವರು ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ನಡೆಸಿದ್ದಾರೆ. ಬಿಸಿಲಿಗೆ ಮೈಯೊಡ್ಡುವ ಹುಚ್ಚು ನಮ್ಮವರಿಗೆ ಇಲ್ಲವಾದುದರಿಂದ ಇಲ್ಲಿ ಬೆಲೆಯಿರುವುದು ನೆರಳಿನ ಕುರ್ಚಿಗೆ. ನೆರಳಿಗೆ ಟವೆಲು ಹಾಸುವವರು ಒಂದು ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು: ಕರಾವಳಿಯುದ್ದಕ್ಕೂ ತೆಂಕಣಕ್ಕೆ ಸಾಗುವ ಹಡಗಿನಲ್ಲಿ ಬೆಳಗಿನ ನೆರಳು ಬಲಮಗ್ಗುಲಿಗೆ, ಅಪರಾಹ್ನದ ನೆರಳು ಎಡಮಗ್ಗುಲಿಗೆ. ಆರು ಗಂಟೆಗೇ ಎದ್ದು ಬಲಮಗ್ಗುಲಿನ ಸಾಲನ್ನು ಇಡೀ ದಿನಕ್ಕೆಂದು ಹಿಡಿದವರು ಎರಡು ಗಂಟೆಯ ವೇಳೆಗೆ ಸುಡುಬಿಸಿಲಿನಲ್ಲಿ ಬೆವರುತ್ತಿರುತ್ತಾರೆ. ತಡವಾಗಿ ಎದ್ದವರು ಊಟ ಮುಗಿಸಿಕೊಂಡು ನಿಧಾನವಾಗಿ ಎಡಮಗ್ಗುಲಿಗೆ ಹೋಗಬಹುದು.