ಮುಸುಕಿನ ಜೋಳಕ್ಕೆ ತಿಪ್ಪೆಯೂ ಬೇಕು, ಚೀಲವೂ ಬೇಕು

ಬೆಂಗಳೂರಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಕೆಮ್ಮಣ್ಣಿನ ಹೊಲವೊಂದರಲ್ಲಿ 1986ರಿಂದ ಒಂದು ಪರೀಕ್ಷೆ ನಡೆದುಬಂದಿದೆ. ಹೊಲವನ್ನು ತಾಕುಗಳಾಗಿ ಹಂಚಿ, ರಾಗಿಯ ಹಿಂದೆ ಮುಸುಕಿನ ಜೋಳವನ್ನು ಬೆಳೆಯುತ್ತಾರೆ. ಮೊದಲ ವರ್ಷ ಯಾವ ತಾಕಿಗೆ ಏನನ್ನು ಉಣಿಸಿದರೋ ಮುಂದೆಯೂ ಅದನ್ನೇ ಉಣಿಸುವುದು ಅಲ್ಲಿಯ ನಿಯಮ. ಒಂದಕ್ಕೆ ಏನೂ ಇಲ್ಲ. ಒಂದಕ್ಕೆ ಬರಿಯ ಸಾರಜನಕ. ಇನ್ನೊಂದಕ್ಕೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ. ಮತ್ತೊಂದಕ್ಕೆ ಈ ಮೂರರ ಜೊತೆಗೆ ಕೊಟ್ಟಿಗೆಯ ಗೊಬ್ಬರ.

ಬರಿಯ ಸಾರಜನಕವನ್ನುಂಡ ತಾಕಿನ ಬೆಳೆ ವರ್ಷಗಳು ಕಳೆದಂತೆ ಸೊರಗಿ, ಏನೂ ಉಣ್ಣದ ತಾಕಿನ ಗತಿಗೇ ಇಳಿಯಿತು. ಮೂರನ್ನೂ ಉಂಡದ್ದು ಅದಕ್ಕಿಂತ ಎಷ್ಟೋ ಮೇಲಾಯಿತು. ಅದನ್ನೂ ಮೀರಿಸಿ, ಹೆಚ್ಚಿನ ಇಳುವರಿಯನ್ನು ಬಹುಕಾಲ ಉಳಿಸಿಕೊಂಡದ್ದು ಗೊಬ್ಬರವೂ ಸೇರಿದ ತಾಕು.

ಯೂರಿಯಾ ವಿಷವೆಂದು ಹಳಿಯುವವರು ಒಂದು ಕಡೆ, ಚೀಲವಿರುವಾಗ ತಿಪ್ಪೆ ಹೊರುವುದೇಕೆ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಒಂದು ಸಣ್ಣ ಲೆಕ್ಕವನ್ನು ನೋಡಬೇಕು. ನೀರಾವರಿಯ ಮುಸುಕಿನ ಜೋಳಕ್ಕೆ ಶಿಫಾರಸು ಮಾಡಿರುವ ಸಾರಜನಕ ಹೆಕ್ಟೇರಿಗೆ 150 ಕಿಲೋ, ಎಂದರೆ ಎಕರೆಗೆ 60 ಕಿಲೋ. ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವಿರುವುದು ನೂರಕ್ಕೆ ಅರ್ಧ ಪಾಲಿನಷ್ಟು. ಎಕರೆಗೆ 4 ಟನ್ನು ಚೆಲ್ಲಿದರೂ ಸಿಕ್ಕುವುದು 20 ಕಿಲೋ. ಅದರಲ್ಲಿಯೂ ಮೊದಲ ಬೆಳೆಗೆ ದಕ್ಕುವುದು ಒಂದು ಭಾಗ ಮಾತ್ರ. ಹೊಟ್ಟೆಬಾಕನಾದ ಈ ಬೆಳೆಯನ್ನು ತಿಪ್ಪೆಯೊಂದರಿಂದಲೇ ತಣಿಸಲು ಸಾಕಾಗುವಷ್ಟು ದನಗಳು ಯಾವ ರೈತನ ಹಟ್ಟಿಯಲ್ಲಿವೆ?

ಆ 20 ಕಿಲೋ ಸಾರಜನಕ 45 ಕಿಲೋ ತೂಗುವ ಒಂದೇ ಚೀಲ ಯೂರಿಯಾದಲ್ಲಿಯೂ ಇದೆ. ಹಾಗಾದರೆ ಚೀಲವೇ ಸಾಲದೆ? ಸಾಲದು. ಯೂರಿಯಾ ಮಣ್ಣಿನಲ್ಲಿ ನೈಟ್ರೇಟಾಗಿ ಮಾರ್ಪಡುವಾಗ ಆಮ್ಲ ಹುಟ್ಟುತ್ತದೆ. ವರ್ಷಗಟ್ಟಲೆ ಹೀಗಾದರೆ ಮೊದಲೇ ಸುಣ್ಣದ ಅಂಶ ಕಡಿಮೆಯಿರುವ ಕೆಮ್ಮಣ್ಣು ಹುಳಿಯೇರಿ, ಅದರೊಳಗಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಕೆಡಿಸುತ್ತದೆ. ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯೂಮಿನಿಯಂಗಳು ಹಿಡಿದಿಟ್ಟುಕೊಂಡು ಬೆಳೆಗೆ ಬಿಟ್ಟುಕೊಡವು. ಸಾರಜನಕದ ಬಲದಿಂದ ಬೆಳೆದ ಪೈರು ಪೊಟ್ಯಾಷನ್ನು ಹೀರಿ ಬರಿದುಮಾಡುತ್ತದೆ, ಅದನ್ನು ತುಂಬುವವರಿಲ್ಲ.

ಕೊಟ್ಟಿಗೆ ಗೊಬ್ಬರ ಇಲ್ಲಿ ಕೈಹಿಡಿಯುತ್ತದೆ. ಕಳಿತು ಹ್ಯೂಮಸ್ ಆದ ಗೊಬ್ಬರ ಅಲ್ಯೂಮಿನಿಯಂನ ನಂಜನ್ನು ಅಡಗಿಸುತ್ತದೆ. ರಂಜಕ ಸೆರೆಯಾಗದಂತೆ ತಡೆಯುತ್ತದೆ. ಯೂರಿಯಾದಿಂದ ಬಂದ ಅಮೋನಿಯಾ ಮಳೆನೀರಿನೊಡನೆ ಜಾರಿಹೋಗದಂತೆ ಹಿಡಿದುಕೊಳ್ಳುತ್ತದೆ. ಮಣ್ಣು ಹುಡಿಯಾಗಿ ತೇವ ನಿಲ್ಲುತ್ತದೆ. ಸೂಲಂಗಿ ಹೊರಡುವ ಹೊತ್ತಿಗೆ ಮಳೆ ಕೈಕೊಟ್ಟರೆ ಈ ತೇವದ ಬೆಲೆ ಎಷ್ಟೆಂಬುದನ್ನು ದಾವಣಗೆರೆ, ಹಾವೇರಿಗಳ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಬಹಳ ಹುಳಿಯೇರಿದ ನೆಲಕ್ಕೆ ಗೊಬ್ಬರವೊಂದೇ ಸಾಲದು, ಸುಣ್ಣವನ್ನೂ ಹಾಕಬೇಕು.

ಗೊಬ್ಬರವೆಂದರೆ ಹಸಿ ಕಸವಲ್ಲ. ಕಳಿಯದ ಹುಲ್ಲು, ಸಿಪ್ಪೆಗಳನ್ನು ಬಿತ್ತನೆಯ ಮುಂಚೆ ಹೂತರೆ ಅವುಗಳನ್ನು ಕಳಿಸುವ ಸೂಕ್ಷ್ಮಜೀವಿಗಳು ನೆಲದಲ್ಲಿರುವ ಸಾರಜನಕವನ್ನು ತಾವೇ ಕಬಳಿಸಿ, ಎಳೆಯ ಪೈರು ಹಳದಿಯಾಗುತ್ತದೆ. ಕಳಿತ ಗೊಬ್ಬರವನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲು ಮಣ್ಣಿಗೆ ಬೆರಸಬೇಕು. ರಂಜಕ, ಪೊಟ್ಯಾಷ್‌ಗಳು ಬಿತ್ತನೆಯಲ್ಲಿ. ಸಾರಜನಕ ಮಾತ್ರ ಕಂತುಕಂತಾಗಿ—ಬಿತ್ತುವಾಗ ಒಂದಿಷ್ಟು, ಪೈರು ಮೊಣಕಾಲುದ್ದವಾದಾಗ ಒಂದಿಷ್ಟು, ಸೂಲಂಗಿಯ ಮುನ್ನ ಉಳಿದದ್ದು. ಮೇಲುಗೊಬ್ಬರವನ್ನು ಮಣ್ಣಿನಿಂದ ಮುಚ್ಚದೆ ಬಿಟ್ಟರೆ ಹಣ ಗಾಳಿಗೆ ಹಾರಿತೆಂದೇ ತಿಳಿಯಬೇಕು.

ತೊಡಕಿರುವುದು ಗೊಬ್ಬರ ಹೊಂದಿಸುವುದರಲ್ಲಿ. ಉಳುಮೆಗೆ ಟ್ರಾಕ್ಟರು ಬಂದ ಮೇಲೆ ಕೊಟ್ಟಿಗೆಗಳು ಬರಿದಾಗಿವೆ. ಸರ್ಕಾರದ ಸಹಾಯಧನದಿಂದ ಯೂರಿಯಾ ಅಗ್ಗವಾಗಿದೆ, ಪೊಟ್ಯಾಷ್ ತುಟ್ಟಿ. ಒಂದು ವರ್ಷದ ಗುತ್ತಿಗೆಗೆ ಹೊಲ ಹಿಡಿದವನು ಮುಂದಿನವನ ಬೆಳೆಗಾಗಿ ಗಾಡಿ ಗೊಬ್ಬರವನ್ನೇಕೆ ಹೊಡೆದಾನು? ಹೀಗಿದ್ದೂ ತೆನೆ ಮುರಿದ ಮೇಲೆ ದಂಟಿಗೆ ಬೆಂಕಿಯಿಡುವ ಪದ್ಧತಿ ನಿಂತಿಲ್ಲ. ಬೆಳೆ ಹೀರಿದ ಪೊಟ್ಯಾಷಿನ ಹೆಚ್ಚಿನ ಪಾಲು ಆ ದಂಟಿನಲ್ಲಿಯೇ ಇರುತ್ತದೆ. ದನಕ್ಕೆ ಮೇವಾಗಿ ಮಿಕ್ಕ ದಂಟನ್ನು ಕತ್ತರಿಸಿ, ಸಗಣಿಯ ಬಗ್ಗಡ ಚಿಮುಕಿಸಿ ಗುಂಡಿಗೆ ತುಂಬಿದರೆ ಮುಂದಿನ ಮುಂಗಾರಿನ ಹೊತ್ತಿಗೆ ಅದು ಗೊಬ್ಬರವಾಗಿರುತ್ತದೆ.