ಎಲ್ಲರೂ ನೋಡುವ ಪುಸ್ತಕ, ಎಲ್ಲರೂ ಬರೆಯುವ ಪುಸ್ತಕ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಸ್ವಸಹಾಯ ಸಂಘಗಳಲ್ಲಿ ನಿರ್ಣಯ ಪುಸ್ತಕ, ಲೆಡ್ಜರು, ಪಾಸ್ ಪುಸ್ತಕ ಹೊಸವೇನಲ್ಲ. ಈಗ ಅವುಗಳ ಜೊತೆಗೆ ಮೊಬೈಲಿನೊಳಗಿನ ಪಟ್ಟಿಯೂ ಬಂದಿದೆ. ಒಬ್ಬರು ಗೂಗಲ್ ಶೀಟಿನಲ್ಲಿ ಹೆಸರು ತುಂಬುತ್ತಾರೆ, ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕುತ್ತಾರೆ, "ಎಲ್ಲಾರೂ ನೋಡ್ರಿ, ಏನಾರ ತಪ್ಪಿದ್ರ ನೀವ ತಿದ್ರಿ" ಅನ್ನುತ್ತಾರೆ. ಕೇಳಲು ಇದು ಬಹಳ ಚಲೋ ಮಾತು. ಮುಚ್ಚುಮರೆ ಇಲ್ಲ, ಮೇಲು ಕೀಳು ಇಲ್ಲ. ಆದರೆ ನೋಡುವುದು ಒಂದು ಹಕ್ಕು, ತಿದ್ದುವುದು ಇನ್ನೊಂದು ಹಕ್ಕು. ಎರಡನ್ನೂ ಎಲ್ಲರಿಗೂ ಕೊಡುವ ಮೊದಲು ಸ್ವಲ್ಪ ವಿಚಾರ ಮಾಡಬೇಕು.

ನಮಗೆ ಗೊತ್ತಿರುವ ಎರಡು ಉದಾಹರಣೆ

ಪಹಣಿಯನ್ನು ತೆಗೆದುಕೊಳ್ಳಿ. ನಮ್ಮ ಕಡೆ ಇದಕ್ಕೆ ಉತಾರ ಅಂತೀವಿ. ಮೊದಲು ಇದು ತಲಾಟಿಯ ಕೈಬರಹದಲ್ಲಿ ಇರುತ್ತಿತ್ತು. ಅದರಲ್ಲಿ ಏನಿದೆ ಎಂದು ನೋಡಲಿಕ್ಕೂ ರೈತ ಅಲೆಯಬೇಕಿತ್ತು. 2000ದ ದಶಕದ ಆರಂಭದಲ್ಲಿ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದವು. ಈಗ ಸರ್ವೆ ನಂಬರ್ ಗೊತ್ತಿದ್ದರೆ ಯಾರು ಬೇಕಾದರೂ ನೋಡಬಹುದು. ಆದರೆ ತಿದ್ದುವವರು ಕಂದಾಯ ಇಲಾಖೆಯ ಅಧಿಕಾರ ಇದ್ದವರು ಮಾತ್ರ, ಅದೂ ಕ್ರಮಪ್ರಕಾರ. ಹಾಗಿಲ್ಲದಿದ್ದರೆ ಯಾರ ಹೊಲ ಯಾರ ಹೆಸರಿಗೆ ಹೋಗುತ್ತಿತ್ತೋ!

ಇದಕ್ಕೆ ತದ್ವಿರುದ್ಧ, ಬೀಸುವ ಕಲ್ಲಿನ ಹಾಡು. ಅದು ಎಲ್ಲರದು. ತವರಿನಲ್ಲಿ ಕಲಿತ ಹಾಡಿಗೆ ಹೆಣ್ಣುಮಗಳು ಗಂಡನ ಮನೆಯಲ್ಲಿ ಒಂದು ನುಡಿ ಸೇರಿಸುತ್ತಿದ್ದಳು, ಒಂದು ಬಿಡುತ್ತಿದ್ದಳು. ಅದನ್ನು ಯಾರೂ ತಪ್ಪು ಅನ್ನಲಿಲ್ಲ. ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು ಇಂಥ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಹೀಗಾಗಿ ಹಾಡುಗಳು ಉಳಿದವು, ಎಲ್ಲರಿಗೂ ಓದಲು ಸಿಕ್ಕವು. ಆದರೆ ಅಚ್ಚಾದ ಪುಟಕ್ಕೆ ಹೊಸ ನುಡಿ ಸೇರಿಸಲು ಬರುವುದಿಲ್ಲ.

ಎರಡೂ ಹಕ್ಕು ಒಟ್ಟಿಗೆ ಇರುವುದು ಎಲ್ಲಿ?

ವಿಕಿಪೀಡಿಯದಲ್ಲಿ. ಅದು ಶುರುವಾದದ್ದು 2001ರಲ್ಲಿ, ಕನ್ನಡದಲ್ಲಿ 2003ರಲ್ಲಿ. ಅದನ್ನು ಯಾರು ಬೇಕಾದರೂ ಓದಬಹುದು. ಕೆಲವು ಪುಟಗಳನ್ನು ಬಿಟ್ಟು ಉಳಿದದ್ದನ್ನು ಯಾರು ಬೇಕಾದರೂ ತಿದ್ದಬಹುದು. ಇದರ ಉಪಯೋಗ ನಮ್ಮ ಜಿಲ್ಲೆಯಲ್ಲೇ ಕಾಣುತ್ತದೆ. ಹಳೆಯ ಪುಸ್ತಕಗಳಲ್ಲಿ ನಮ್ಮದು ಐದು ತಾಲೂಕಿನ ಬಿಜಾಪುರ ಜಿಲ್ಲೆ. 2014ರ ನವೆಂಬರ್ 1ರಂದು ಹೆಸರು ವಿಜಯಪುರ ಆಯಿತು. ಆಮೇಲೆ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟಿ, ನಿಡಗುಂದಿ ಮೊದಲಾದ ಹೊಸ ತಾಲೂಕುಗಳಾದವು. ಪುಸ್ತಕ ಮರುಮುದ್ರಣಕ್ಕೆ ಕಾಯಬೇಕು. ವಿಕಿಪೀಡಿಯದ ಪುಟವನ್ನು ಮುದ್ದೇಬಿಹಾಳದ ಕಾಲೇಜು ಹುಡುಗಿಯೂ ಇವತ್ತೇ ಸರಿ ಮಾಡಬಹುದು.

ಹಾಗಾದರೆ ಕಿಡಿಗೇಡಿಗಳು ಅದನ್ನು ಕೆಡಿಸುವುದಿಲ್ಲವೇ? ಕೆಡಿಸುತ್ತಾರೆ. ಆದರೂ ಅದು ನಿಂತಿದೆ. ಕಾರಣ ಮೂರು. ಒಂದು, ಪ್ರತಿ ತಿದ್ದುಪಡಿಯ ಇತಿಹಾಸ ಅಲ್ಲೇ ಇರುತ್ತದೆ, ಹಳೆಯದನ್ನು ಮರಳಿ ತರಬಹುದು. ಎರಡು, ಅದನ್ನು ಕಣ್ಣಿಟ್ಟು ನೋಡುವ ಜನ ಇದ್ದಾರೆ. ನೋಡುವವರು ಕಡಿಮೆ ಇರುವ ಪುಟದಲ್ಲಿ ತಪ್ಪು ಬಹಳ ದಿನ ಉಳಿದುಬಿಡುತ್ತದೆ. ಮೂರು, ಅದು ಎಲ್ಲರಿಗೂ ತಿಳಿಯಬೇಕಾದ ಸಂಗತಿಗಳ ಜಾಗ, ಯಾರ ಮನೆಯ ಗುಟ್ಟನ್ನೂ ಬರೆದಿಡುವ ಜಾಗವಲ್ಲ.

ನಮ್ಮ ಪಟ್ಟಿಗೆ ಈ ಮೂರೂ ಇವೆಯೇ?

ಗೋವಾ, ಪುಣೆ, ಮುಂಬೈ ಕಡೆ ದುಡಿಯಲು ಹೋಗುವ ಕುಟುಂಬಗಳ ಪಟ್ಟಿ ಮಾಡಿದೆವು ಎಂದುಕೊಳ್ಳಿ. ಮಕ್ಕಳ ಶಾಲೆ ತಪ್ಪಬಾರದು ಎಂಬುದು ಉದ್ದೇಶ. ಲಿಂಕ್ ಇದ್ದವರೆಲ್ಲ ತಿದ್ದುವಂತೆ ಅದನ್ನು ಬಿಟ್ಟರೆ ಏನಾಗುತ್ತದೆ? ಒಬ್ಬರ ಬೆರಳು ತಾಗಿ ಒಂದು ಸಾಲು ಅಳಿಸಿ ಹೋಗಬಹುದು. ಇನ್ನೊಬ್ಬರು ಹೆಸರಿನ ಕಾಲಂ ಮಾತ್ರ ಅಕ್ಷರದ ಪ್ರಕಾರ ಜೋಡಿಸಿದರೆ, ಒಬ್ಬಳ ಹೆಸರಿನ ಮುಂದೆ ಮತ್ತೊಬ್ಬಳ ಮಕ್ಕಳು ಬಂದು ಕೂಡುತ್ತಾರೆ. ಲಾಗಿನ್ ಆಗದೆ ತಿದ್ದಿದವರ ಹೆಸರು ಇತಿಹಾಸದಲ್ಲೂ ಸಿಗುವುದಿಲ್ಲ, 'ಅನಾಮಧೇಯ' ಎಂದಷ್ಟೇ ಬರುತ್ತದೆ. "ಯವ್ವಾ, ನನ್ನ ಹೆಸರು ಎಲ್ಲಿ ಹೋತು?" ಎಂದು ಆ ತಾಯಿ ಕೇಳಿದರೆ ಉತ್ತರ ಯಾರು ಕೊಡಬೇಕು?

ಇನ್ನೊಂದು ಅಪಾಯ ನೋಡುವುದರಲ್ಲೇ ಇದೆ. ಲಿಂಕ್ ಒಂದು ಗುಂಪಿನಿಂದ ಹತ್ತು ಗುಂಪಿಗೆ ಹೋಗುತ್ತದೆ. ಊರು ಬಿಟ್ಟವರ ಪಟ್ಟಿ ಎಂದರೆ ಬೀಗ ಹಾಕಿದ ಮನೆಗಳ ಪಟ್ಟಿ ಎಂದೇ ಅರ್ಥ. ಅದು ಕಳ್ಳರ ಕೈಗೆ ಸಿಕ್ಕರೆ? ಆಧಾರ್ ನಂಬರ್, ಫೋನ್ ನಂಬರ್, ಸಾಲದ ಬಾಕಿ, ವಿಧವಾ ವೇತನದ ವಿವರ, ಕಾಯಿಲೆಯ ವಿವರ ಇವೂ ಅಷ್ಟೇ. ಬಡವರ ಮಾಹಿತಿ ಎಂದ ಮಾತ್ರಕ್ಕೆ ಅದು ಬೀದಿಯ ಮಾಹಿತಿ ಅಲ್ಲ.

ಏನು ಮಾಡಬೇಕು?

1. ಒಂದೇ ಪಟ್ಟಿಯನ್ನು ಎರಡು ಕಡತ ಮಾಡಿ. ಹೆಸರು, ನಂಬರ್ ಇರುವುದು ಜವಾಬ್ದಾರಿ ಹೊತ್ತವರಿಗೆ ಮಾತ್ರ. ಎಷ್ಟು ಕುಟುಂಬ, ಎಷ್ಟು ಮಕ್ಕಳು, ಎಷ್ಟು ಹಣ ಎಂಬ ಲೆಕ್ಕ ಎಲ್ಲರಿಗೂ.

2. ಶೇರ್ ಮಾಡುವಾಗ ಮೂರು ಆಯ್ಕೆ ಇರುತ್ತವೆ. ವ್ಯೂವರ್ ಬರೀ ನೋಡುವವರು, ಕಮೆಂಟರ್ ಪಕ್ಕದಲ್ಲಿ ಟಿಪ್ಪಣಿ ಹಾಕುವವರು, ಎಡಿಟರ್ ತಿದ್ದುವವರು. ಲೆಕ್ಕದ ಹಾಳೆಗೆ ಎಲ್ಲರಿಗೂ ವ್ಯೂವರ್ ಸಾಕು. ತಪ್ಪು ತೋರಿಸಬೇಕಾದವರಿಗೆ ಕಮೆಂಟರ್. ಎಡಿಟರ್ ಎರಡು ಮೂರು ಜನ, ಅವರವರ ಇಮೇಲ್ ಹಾಕಿಯೇ ಕೊಡಿ.

3. ಕಂಪ್ಯೂಟರಿನಲ್ಲಿ ಫೈಲ್ ಮೆನುವಿನೊಳಗೆ ವರ್ಶನ್ ಹಿಸ್ಟರಿ ಇದೆ. ಯಾರು, ಯಾವಾಗ, ಏನು ಬದಲಿಸಿದರು ಎಂದು ಅಲ್ಲಿ ನೋಡಿ. ಹಳೆಯ ಪ್ರತಿಯನ್ನೂ ಅಲ್ಲಿಂದಲೇ ಮರಳಿ ತರಬಹುದು.

4. ತಿಂಗಳಿಗೊಮ್ಮೆ ಲೆಕ್ಕದ ಹಾಳೆಯನ್ನು ಪ್ರಿಂಟ್ ತೆಗೆದು ಸಭೆಯಲ್ಲಿ ಗಟ್ಟಿಯಾಗಿ ಓದಿ. ಓದಲು ಬಾರದ ಅಕ್ಕನಿಗೆ ನೋಡುವ ಹಕ್ಕು ಎಂದರೆ ಕೇಳುವ ಹಕ್ಕು. ಅವಳು "ಇದು ತಪ್ಪೈತಿ" ಅಂದರೆ ಅದೂ ತಿದ್ದುಪಡಿಯೇ. ಅದನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

5. ಪೂರ್ತಿ ತೆರೆದಿಡಬಹುದಾದವೂ ಇವೆ. ಊರಿನ ಹಾಡು, ಗಾದೆ, ಮನೆಮದ್ದು, ಮುಂದಿನ ಸಭೆಯ ವಿಷಯಗಳು. ಇವುಗಳನ್ನು ಎಲ್ಲರೂ ಬರೆಯಲಿ, ಎಲ್ಲರೂ ತಿದ್ದಲಿ. ಬೀಸುವ ಕಲ್ಲಿನ ಹಾಡು ಬೆಳೆದದ್ದೇ ಹಾಗೆ.

ಇದನ್ನೆಲ್ಲ ನೆಪ ಮಾಡಿಕೊಂಡು "ಎಲ್ಲಾ ನನ್ನ ಹತ್ರ ಇರ್ಲಿ" ಎಂದು ಪುಸ್ತಕ ಮುಚ್ಚಿಡುವುದು ಬೇಡ. ಸಂಘ ಒಡೆಯುವುದು ಹೆಚ್ಚಾಗಿ ಮುಚ್ಚಿದ ಪುಸ್ತಕದಿಂದಲೇ. ಲೆಕ್ಕ ಎಲ್ಲರ ಕಣ್ಣಿಗೆ ಬೀಳಲಿ. ಬರೆದವರ ಹೆಸರು ಬರಹದ ಜೊತೆಗೇ ಇರಲಿ. ಮುಂದಿನ ಸಭೆಯಲ್ಲಿ ನಿಮ್ಮ ಸಂಘದ ಮೊಬೈಲ್ ಪಟ್ಟಿಯನ್ನು ತೆರೆದು ಮೂರು ಪ್ರಶ್ನೆ ಕೇಳಿ: ಇದನ್ನು ಯಾರು ನೋಡುತ್ತಿದ್ದಾರೆ? ಯಾರು ತಿದ್ದಬಹುದು? ತಿದ್ದಿದ್ದು ಗೊತ್ತಾಗುತ್ತದೆಯೇ? ಮೂರನೆಯ ಪ್ರಶ್ನೆಗೆ "ಇಲ್ಲ" ಎಂಬ ಉತ್ತರ ಬಂದರೆ ಅಂದೇ ಸರಿ ಮಾಡಿಕೊಳ್ಳಿ.